ಲೇಬಲ್ ರಾಯರು ಮತ್ತು ಎಂಟನೇ ಬಾಟಲಿ

ಟೆಕ್ಸಸ್‌ನ ಡಲ್ಲಾಸ್ ಸುತ್ತಮುತ್ತ, ಫ್ರಿಸ್ಕೊ, ಪ್ಲೇನೊ, ಅರ್ವಿಂಗ್ ಕಡೆ ಕನ್ನಡದವರ ನಾಲ್ಕು ಮನೆಗೆ ಹೋಗಿಬಂದರೆ ಒಂದರಲ್ಲಾದರೂ ಲೇಬಲ್ ರಾಯರು ಸಿಗುತ್ತಾರೆ. ಗೌಡರಾಗಿರಬಹುದು, ಪಾಟೀಲರಾಗಿರಬಹುದು, ಶೆಟ್ಟರಾಗಿರಬಹುದು; ಸ್ವಭಾವದಲ್ಲಿ ಮಾತ್ರ ಎಲ್ಲರೂ ರಾಯರೇ. ಗುರುತು ಹಿಡಿಯುವುದು ಸುಲಭ. ಸೂಪರ್ ಮಾರ್ಕೆಟ್ಟಿನಲ್ಲಿ ಹೆಂಡತಿ ಗಾಡಿ ತಳ್ಳಿಕೊಂಡು ಹಾಲು ಮೊಸರಿನ ಸಾಲು ಮುಟ್ಟಿರುತ್ತಾರೆ. ಇವರು ಇನ್ನೂ ಮೊದಲನೇ ಸಾಲಿನಲ್ಲೇ ಕನ್ನಡಕ ಹಣೆಗೇರಿಸಿ, ಡಬ್ಬಿಯೊಂದನ್ನು ಮೂಗಿನ ಹತ್ತಿರ ಹಿಡಿದು, ಹಿಂಬದಿಯ ಸಣ್ಣಕ್ಷರ ಓದುತ್ತಾ ನಿಂತಿರುತ್ತಾರೆ. ಡಬ್ಬಿ ಮರಳಿ ಕಪಾಟಿಗೆ ಹೋಗುತ್ತದೆ. ‘ಛೆ ಛೆ’ ಎಂಬ ಸದ್ದು ಮೂರು ಸಾಲು ದಾಟಿ ಹೆಂಡತಿಗೆ ಕೇಳಿಸುತ್ತದೆ.

ನಾನು ಹೇಳುತ್ತಿರುವ ರಾಯರು ತೀರ್ಥಹಳ್ಳಿ ಕಡೆಯವರು. ಓದುವ ಚಟ ಅವರಿಗೆ ಸುಮ್ಮನೆ ಅಂಟಿದ್ದಲ್ಲ. ಸಸ್ಯಾಹಾರಿ ಹುಡುಗನೊಬ್ಬ ಎಂ.ಎಸ್. ಮಾಡಲು ಅಮೆರಿಕಕ್ಕೆ ಬಂದಿಳಿದಾಗ ಪಠ್ಯಪುಸ್ತಕಕ್ಕಿಂತ ಮೊದಲು ಓದಬೇಕಾದದ್ದು ಡಬ್ಬಿಯ ಬೆನ್ನನ್ನು. ಅರೆದ ಬೀನ್ಸ್ ಎಂದು ತಂದ ಡಬ್ಬಿಯಲ್ಲಿ ಹಂದಿಕೊಬ್ಬು ಇರಬಹುದು, ಟೋರ್ಟಿಯಾದಲ್ಲೂ ಅದೇ ಇರಬಹುದು. ಚೀಸಿನಲ್ಲಿ ಕರುವಿನ ಹೊಟ್ಟೆಯ ರೆನೆಟ್, ಮಾರ್ಷ್‌ಮೆಲೊದಲ್ಲಿ ಜೆಲಟಿನ್. ಟ್ಯಾಕೊ ಬೆಲ್ ಕೌಂಟರಿನಲ್ಲಿ ‘ಬೀಫ್ ಬೇಡ, ಅದರ ಬದಲು ಬೀನ್ಸ್’ ಎಂಬ ಒಂದೇ ಮಂತ್ರ ಜಪಿಸಿ ಡಿಗ್ರಿ ಮುಗಿಸಿದ ತಲೆಮಾರು ಅದು. ಆ ಹೋಟೆಲು 2010ರಲ್ಲಿ ಭಾರತಕ್ಕೆ ಮೊದಲ ಸಲ ಕಾಲಿಟ್ಟಿದ್ದು ಬೆಂಗಳೂರಿನ ಮಂತ್ರಿ ಮಾಲ್‌ನಲ್ಲಿ. ಆಗ ರಾಯರು ಊರಿನ ಗೆಳೆಯರಿಗೆಲ್ಲ ಫೋನ್ ಮಾಡಿ, ಏನು ಕೇಳಬೇಕು ಹೇಗೆ ಕೇಳಬೇಕು ಎಂದು ಪಾಠ ಹೇಳಿದ್ದರಂತೆ. ಅಂದು ಹೊಟ್ಟೆಪಾಡಿನ ಓದು ಅದು. ಮನೆ ಸಾಲ ಅರ್ಧ ತೀರಿ, ಮಕ್ಕಳು ಹೈಸ್ಕೂಲು ಸೇರಿ, ರಕ್ತಪರೀಕ್ಷೆಯ ವರದಿಯಲ್ಲಿ ಎರಡು ಸಾಲು ಕೆಂಪಾದ ಮೇಲೆ ಅದೇ ಈಗ ವೇದಾಧ್ಯಯನವಾಗಿದೆ.

ಮಂಗಳವಾರ ಆ ಮನೆಯಲ್ಲಿ ಟ್ಯಾಕೊ. ಅಮೆರಿಕದಲ್ಲಿ ಮಂಗಳವಾರ ಟ್ಯಾಕೊ ತಿನ್ನುವುದು ಎಷ್ಟು ರೂಢಿಯೆಂದರೆ, ‘ಟ್ಯಾಕೊ ಟ್ಯೂಸ್‌ಡೇ’ ಎಂಬ ಹೆಸರನ್ನೇ ಹೋಟೆಲ್ ಸರಣಿಯೊಂದು 1989ರಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿಕೊಂಡು, 2023ರಲ್ಲಿ ‘ತಗೊಳ್ರಪ್ಪ’ ಎಂದು ಬಿಟ್ಟುಕೊಟ್ಟಿತು. ಮಕ್ಕಳು ಸಣ್ಣವರಿದ್ದಾಗಿನಿಂದ ರಾಯರ ಶ್ರೀಮತಿ ಬೇಯಿಸಿದ ಕಪ್ಪು ಬೀನ್ಸಿಗೆ ಅಂಗಡಿಯ ಟ್ಯಾಕೊ ಮಸಾಲೆ ಸುರಿದು ಹತ್ತು ನಿಮಿಷದಲ್ಲಿ ಕೈತೊಳೆದುಕೊಳ್ಳುತ್ತಿದ್ದರು. 28 ಗ್ರಾಮಿನ ಪುಟ್ಟ ಪೊಟ್ಟಣ, ಬೆಲೆ ಒಂದು ಡಾಲರಿನ ಆಸುಪಾಸು, ಯಾರ ತಂಟೆಗೂ ಹೋಗದ ಸಾಧು ಪದಾರ್ಥ. ಅದರ ಬೆನ್ನೂ ಒಂದು ದಿನ ರಾಯರ ಕಣ್ಣಿಗೆ ಬಿತ್ತು. ಮಾಲ್ಟೊಡೆಕ್ಸ್‌ಟ್ರಿನ್. ಕಾರ್ನ್‌ಸ್ಟಾರ್ಚ್. ಸಕ್ಕರೆ. ಕೊನೆಯಲ್ಲಿ, ಪುಡಿ ಗಂಟುಕಟ್ಟದಂತೆ, ಸಿಲಿಕಾನ್ ಡೈಆಕ್ಸೈಡ್.

“ಸಿಲಿಕಾನ್ ಡೈಆಕ್ಸೈಡ್ ಅಂದ್ರೆ ಏನು ಗೊತ್ತೇನೆ? ಮರಳು! ಇಷ್ಟು ವರ್ಷ ದುಡ್ಡು ಕೊಟ್ಟು ಮರಳು ತಿಂದಿದೀವಿ ಕಣೆ!”

“ಹಾಗಾದ್ರೆ ಬರ್ತಾ ಒಂದು ಮೂಟೆ ಸಿಮೆಂಟೂ ತನ್ನಿ. ಹಿತ್ತಲ ಮೆಟ್ಟಿಲು ಬಿರುಕು ಬಿಟ್ಟಿದೆ” ಎಂದರು ಶ್ರೀಮತಿ.

ಆ ಶನಿವಾರದಿಂದಲೇ ಮನೆಯಲ್ಲಿ ಯಜ್ಞ ಶುರು. ಟ್ಯಾಕೊ ಮಸಾಲೆಯಲ್ಲಿ ಬ್ರಹ್ಮವಿದ್ಯೆಯೇನೂ ಇಲ್ಲ. ಮೆಣಸಿನ ಪುಡಿ ಒಂದು ದೊಡ್ಡ ಚಮಚವಾದರೆ ಜೀರಿಗೆ ಪುಡಿ ಒಂದೂವರೆ ಸಣ್ಣ ಚಮಚ, ಪಾಪ್ರಿಕಾ ಒಂದು; ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಓರೆಗಾನೊ ಚಿಟಿಕೆ ಲೆಕ್ಕ; ಕಾಳುಮೆಣಸು, ಉಪ್ಪು ಬಾಯಿರುಚಿಗೆ. ಬೆರೆಸಿ ಮುಚ್ಚಳ ಹಾಕಿದರೆ ಮುಗಿಯಿತು. ಒಳಗೊಂದು ಹೊಂಡ ಇರುವುದು ಮೆಣಸಿನ ಪುಡಿಯಲ್ಲಿ. ಅಮೆರಿಕದವರು ‘ಚಿಲಿ ಪೌಡರ್’ ಎಂದು ಮಾರುವುದು ಬರೀ ಮೆಣಸಿನಕಾಯಿಯಲ್ಲ. ಅದರಲ್ಲಿ ಆಗಲೇ ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ ಕೂತಿರುತ್ತವೆ, ಖಾರ ಹೆಸರಿಗಷ್ಟೇ. ಬೆರಕೆ ಮಾಲು ರಾಯರಿಗೆ ಹೇಗೆ ಒಗ್ಗೀತು? ಇಂಡಿಯನ್ ಸ್ಟೋರಿನಿಂದ ಗುಂಟೂರಿನ ಅಪ್ಪಟ ಮೆಣಸಿನ ಪುಡಿ ತಂದು ಅದೇ ಅಳತೆಯಲ್ಲಿ ದೊಡ್ಡ ಚಮಚ ತುಂಬಿ ಹಾಕಿದರು. ಆ ಮಂಗಳವಾರ ಮಕ್ಕಳಿಬ್ಬರೂ ಫ್ರಿಜ್ಜಿನ ಬಾಗಿಲು ತೆಗೆದು ಹಾಲಿನ ಕ್ಯಾನಿಗೇ ಬಾಯಿ ಹಚ್ಚಿದರು. “ಒರಿಜಿನಲ್ ಅಂದ್ರೆ ಹಾಗೇ ಇರತ್ತೆ” ಎಂದರು ರಾಯರು, ಕಣ್ಣೊರೆಸಿಕೊಂಡು.

ಅದೇ ಸಮಯಕ್ಕೆ ಊರಿನಿಂದ ಅಮ್ಮ ಬಂದಿದ್ದರು. ಆರು ತಿಂಗಳ ವೀಸಾ, ಎರಡು ಸೂಟ್‌ಕೇಸು. ಒಂದರ ತುಂಬ ಹಪ್ಪಳ, ಸಂಡಿಗೆ, ಸಾರಿನ ಪುಡಿ. ಮಗ ಅಡುಗೆಮನೆಯಲ್ಲಿ ಡಿಜಿಟಲ್ ತಕ್ಕಡಿ ಇಟ್ಟುಕೊಂಡು ಗ್ರಾಮಿನ ದಶಾಂಶ ಹಿಡಿಯುವುದನ್ನು ಅವರು ಎತ್ತರದ ಸ್ಟೂಲಿನ ಮೇಲೆ ಕೂತು ನೋಡಿದರು. ಈರುಳ್ಳಿ ಪುಡಿಯ ಬಾಟಲಿಯನ್ನು ಎತ್ತಿ ಅಲ್ಲಾಡಿಸಿದರು.

“ಎಂತದಾ ಇದು?”

“ಈರುಳ್ಳಿ ಪುಡಿ ಅಮ್ಮ.”

“ಈರುಳ್ಳೀನೂ ಪುಡಿ ಮಾಡ್ತಾರಾ? ಹೆಚ್ಚಕ್ಕೆ ಏನು ರೋಗ ಬಂದಿದೆ ಇವರಿಗೆ?”

ರಾಯರು ಮನೆಯ ಮಸಾಲೆಗೂ ಅಂಗಡಿಯ ಮಸಾಲೆಗೂ ಇರುವ ಅಂತರವನ್ನು ಹೇಳತೊಡಗಿದರು. ಅಮ್ಮ ಪೂರ್ತಿ ಕೇಳಿಸಿಕೊಂಡು, ಮುಂದಿದ್ದ ಬಾಟಲಿಗಳನ್ನು ಬೆರಳಿನಲ್ಲಿ ಎಣಿಸಿದರು. “ಅಲ್ಲ ಮಾರಾಯ, ಅಂಗಡಿಯಿಂದ ಏಳು ಬಾಟಲಿ ತಂದು ಎಂಟನೇದಕ್ಕೆ ಸುರಿದ್ರೆ ಅದು ಮನೇಲಿ ಮಾಡಿದ್ದು ಹೇಗಾಗತ್ತೆ?”

ಡಲ್ಲಾಸಿನ ಅಷ್ಟೂ ಕನ್ನಡಿಗರು ಸೇರಿ ಹೇಳಿದ್ದರೂ ರಾಯರಿಗೆ ಇಷ್ಟು ನಾಟುತ್ತಿರಲಿಲ್ಲ. ಮರುದಿನವೇ ಬಾಟಲಿಗಳೆಲ್ಲ ಮೂಲೆಗೆ ಹೋದವು, ಬೇರಿನಿಂದ ಶುರುವಾಯಿತು. ಈರುಳ್ಳಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ಅವನ್‌ನ ಅತಿ ಸಣ್ಣ ಉರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಣಗಿಸಿದರು. ಪರದೆ, ಸೋಫಾ, ಮಗಳ ಸ್ವೆಟ್‌ಶರ್ಟು ಎಲ್ಲಕ್ಕೂ ಈರುಳ್ಳಿ ವಾಸನೆ. ಆ ಹುಡುಗಿ ವಾರವಿಡೀ ಗೆಳತಿಯ ಜಾಕೆಟ್ ಹಾಕಿಕೊಂಡು ಶಾಲೆಗೆ ಹೋದಳು. ಜೀರಿಗೆ ಹುರಿಯುವಾಗ ಇನ್ನೊಂದು ಫಜೀತಿ. ಬಾಣಲೆಯಲ್ಲಿ ಘಮ ಏಳುವ ಹೊತ್ತು, ಕಾಳು ಕೆಂಪಾಗಿ ಇನ್ನೇನು ಇಳಿಸಬೇಕು, ಅಷ್ಟರಲ್ಲಿ ಹೊಗೆಯ ಅಲಾರಂ ಬಾಯಿ ಬಿಟ್ಟಿತು. ಒಂದು ಕೂಗಿದರೆ ಉಳಿದವೂ ದನಿಗೂಡಿಸುವ ಮನೆಗಳು ಇಲ್ಲಿಯವು. ರಾಯರು ಕುರ್ಚಿಯ ಮೇಲೆ ನಿಂತು ಟವೆಲ್ ಬೀಸುತ್ತಿದ್ದರೆ, ಅಮ್ಮ ಸದ್ದಿಲ್ಲದೆ ಒಲೆ ಆರಿಸಿ, ಬಾಣಲೆಯ ಜೀರಿಗೆಯನ್ನು ತಟ್ಟೆಗೆ ಸುರಿದರು. ಕರಟಲಿಲ್ಲ. ಆಮೇಲೆ ಅದನ್ನು ಪುಡಿ ಮಾಡಿದ್ದು ಕಾಫಿ ಬೀಜದ ಗ್ರೈಂಡರಿನಲ್ಲಿ. ಆ ಮನೆಯಲ್ಲಿ ಮುಂದೆ ಬಹಳ ದಿನ ಫಿಲ್ಟರ್ ಕಾಫಿ ಕುಡಿದವರಿಗೆಲ್ಲ ಅಜೀರ್ಣ ವಾಸಿಯಾಯಿತು.

ಓರೆಗಾನೊದ ವಿಷಯದಲ್ಲಿ ತಾಯಿ ಮಗ ಮೊದಲ ಬಾರಿಗೆ ಒಮ್ಮತಕ್ಕೆ ಬಂದರು. ಪೀಟ್ಸಾಗೆ ಉದುರಿಸುವ ಇಟಲಿಯ ಸೊಪ್ಪು ಪುದೀನದ ಬಳಗ. ಮೆಕ್ಸಿಕೋದ ಓರೆಗಾನೊ ಬೇರೆಯೇ ಗಿಡ, ವರ್ಬೀನಾ ಕುಟುಂಬದ್ದು, ಘಾಟು ಜಾಸ್ತಿ. ರಾಯರು ಅದನ್ನೇ ಹುಡುಕಿ ತಂದಿದ್ದರು. ಅಮ್ಮ ಅಂಗೈಯಲ್ಲಿ ತಿಕ್ಕಿ ಮೂಸಿ, “ದೊಡ್ಡಪತ್ರೆ ಇದ್ದಹಾಗಿದೆ. ಸಾಸಿವೆ ಮೆಣಸು ಹಾಕಿ ತಂಬುಳಿ ಮಾಡಬಹುದು” ಎಂದರು. ಮೂಗು ಸುಳ್ಳಾಡಿರಲಿಲ್ಲ. ಎರಡರಲ್ಲೂ ಕಾರ್ವಕ್ರಾಲ್ ಎಂಬ ಒಂದೇ ಎಣ್ಣೆಯಂಶವಿದೆ, ಮತ್ತು ಇಲ್ಲಿನ ನರ್ಸರಿಗಳಲ್ಲಿ ದೊಡ್ಡಪತ್ರೆ ಮಾರಾಟವಾಗುವುದೇ ಕ್ಯೂಬನ್ ಓರೆಗಾನೊ ಎಂದು. ಪಾಪ್ರಿಕಾದ ಜಾಗಕ್ಕೆ ಅಮ್ಮನ ಸೂಟ್‌ಕೇಸಿನಿಂದ ಬ್ಯಾಡಗಿ ಮೆಣಸಿನಕಾಯಿ ಬಂತು. ಖಾರ ಕಡಿಮೆ, ಬಣ್ಣ ಅದ್ಭುತ, 2011ರಿಂದ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬೇರೆ. ಮೆಣಸಿನಕಾಯಿ ಹುಟ್ಟಿದ್ದು ಮೆಕ್ಸಿಕೋದ ಕಡೆ, ಪೋರ್ಚುಗೀಸರ ಹಡಗು ಹತ್ತಿ ನಮ್ಮಲ್ಲಿಗೆ ಬಂದದ್ದು. ಹಾವೇರಿ ಜಿಲ್ಲೆಯಲ್ಲಿ ಬೆಳೆದು ಕೆಂಪಾಗಿ ಮತ್ತೆ ಟ್ಯಾಕೊಗೆ ಸೇರಿದ್ದನ್ನು ಕಂಡು ರಾಯರಿಗೆ ರೋಮಾಂಚನವಾಯಿತು. ಅವರ ರೋಮಾಂಚನ ಅವರಿಗಿರಲಿ. ಬಣ್ಣ ಚೆನ್ನಾಗಿತ್ತು ಎನ್ನುವುದು ಮಾತ್ರ ನಿಜ.

ಅಷ್ಟಾದ ಮೇಲೂ ಮಂಗಳವಾರದ ಬೀನ್ಸು ಮೊದಲಿನ ಹಾಗಾಗಲಿಲ್ಲ. ನೀರು ನೀರು. ಟ್ಯಾಕೊದ ಗರಿಗರಿ ದೊನ್ನೆ ಮೊದಲ ಕಡಿತಕ್ಕೇ ಮುರಿಯುವುದು ಅದರ ಹುಟ್ಟುಗುಣ. ಈಗ ಮುರಿದ ಸಂದಿಯಿಂದ ಕೆಂಪು ರಸ ಮೊಣಕೈಯವರೆಗೆ ಹರಿಯತೊಡಗಿತು. ರಾಯರು ವಿಷವೆಂದು ಹೊರಹಾಕಿದ ಕಾರ್ನ್‌ಸ್ಟಾರ್ಚ್‌ನ ಕೆಲಸವೇ ಅದಾಗಿತ್ತು: ಕುದಿಯುವಾಗ ನೀರನ್ನು ಹಿಡಿದು, ಮಸಾಲೆ ಕಾಳಿಗೆ ಅಂಟುವಂತೆ ಮಾಡುವುದು. ಮರಳಿಗೂ ಕೆಲಸವಿತ್ತು. ಈರುಳ್ಳಿ, ಬೆಳ್ಳುಳ್ಳಿ ಪುಡಿಗಳಿಗೆ ಗಾಳಿಯ ತೇವ ಕಂಡರೆ ಪ್ರಾಣ. ಟೆಕ್ಸಸ್ಸಿನ ವಸಂತದ ಎರಡು ಮಳೆಗೆ ರಾಯರ ಬಾಟಲಿಯೊಳಗೆ ಇಟ್ಟಿಗೆ ತಯಾರಾಯಿತು. ಚಾಕುವಿನ ಹಿಡಿಯಿಂದ ಕುಟ್ಟಿ ತೆಗೆಯುತ್ತಿದ್ದರು. “ನಾಲ್ಕು ಕಾಳು ಅಕ್ಕಿ ಹಾಕಿಡು” ಎಂದರು ಅಮ್ಮ. ಹಾಕಿದರು. ಲೇಬಲ್ಲಿನ ಮೇಲೆ ‘ಅಕ್ಕಿ’ ಎಂದು ಬರೆಯುವುದನ್ನೂ ಮರೆಯಲಿಲ್ಲ. ಕಾರ್ನ್‌ಸ್ಟಾರ್ಚ್ ಮಾತ್ರ ಯಾವಾಗ ಒಳಸೇರಿತೋ ಗೊತ್ತಿಲ್ಲ. ಒಂದು ಮಂಗಳವಾರ ಬೀನ್ಸು ಗಟ್ಟಿಯಾಗಿತ್ತು, ಯಾರೂ ಬಾಯಿ ಬಿಡಲಿಲ್ಲ.

ಕನ್ನಡ ಸಂಘದ ಯುಗಾದಿ ಊಟಕ್ಕೆ ಮನೆಗೊಂದು ಅಡುಗೆ ತರುವ ಪದ್ಧತಿ. ರಾಯರು ಅಡುಗೆಯ ಜೊತೆ ಚಿಲಿ ಪೌಡರಿನ ಚರಿತ್ರೆಯ ಉಪನ್ಯಾಸವನ್ನೂ ತರುತ್ತಾರೆ. ಬಿಸಿಬೇಳೆಬಾತು ಆರುತ್ತಿದ್ದರೂ ಬಿಡುವವರಲ್ಲ. ಟೆಕ್ಸಸ್ಸಿನದೇ ಸ್ಯಾನ್ ಆಂಟೋನಿಯೊ ಊರಿನ ಚೌಕದಲ್ಲಿ ‘ಚಿಲಿ ಕ್ವೀನ್’ ಎಂದು ಹೆಸರಾದ ಹೆಂಗಸರು ರಾತ್ರಿ ಲಾಟೀನು ಹಚ್ಚಿಟ್ಟು ಖಾರದ ಮಾಂಸದ ಸಾರು ಮಾರುತ್ತಿದ್ದದ್ದು, ಕೊನೆಗೆ ಆರೋಗ್ಯ ಇಲಾಖೆಯವರು ಅವರನ್ನು ಎಬ್ಬಿಸಿದ್ದು. ಅಲ್ಲಿಂದ ವಿಲಿಯಂ ಗೆಬ್‌ಹಾರ್ಟ್. ನ್ಯೂ ಬ್ರಾನ್‌ಫೆಲ್ಸ್‌ನಲ್ಲಿ ಹೋಟೆಲಿಟ್ಟಿದ್ದ ಜರ್ಮನ್ ವಲಸಿಗ. ಮೆಣಸಿನಕಾಯಿ ವರ್ಷವಿಡೀ ಸಿಗದೆ ಗಿರಾಕಿ ತಪ್ಪುತ್ತಿತ್ತೆಂದು, ಒಣಗಿಸಿ, ಮಾಂಸ ಅರೆಯುವ ಯಂತ್ರದಲ್ಲೇ ಪುಡಿ ಮಾಡಿ, 1890ರ ದಶಕದಲ್ಲಿ ಬಾಟಲಿಗೆ ತುಂಬಿ ಮಾರಿದವನು.

ನನಗೆ ಇಲ್ಲೇ ನಗು ಬರುವುದು. ನಮ್ಮ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಅಡುಗೆಮನೆಯಲ್ಲಿ ಹುಟ್ಟಿ ಆಮೇಲೆ ಪ್ಯಾಕೆಟ್ಟು ಸೇರಿದವು. ಈ ಮಸಾಲೆಯ ವಂಶವೃಕ್ಷ ಹುಡುಕುತ್ತಾ ಹೋದರೆ ಸಿಗುವುದು ಯಾರ ಅಜ್ಜಿಯೂ ಅಲ್ಲ, ಬಾಟಲಿ ತುಂಬುವ ಜರ್ಮನ್ ವ್ಯಾಪಾರಿ. ಅಂಗಡಿಯಲ್ಲೇ ಹುಟ್ಟಿದ್ದನ್ನು ರಾಯರು ‘ಮರಳಿ’ ಮನೆಗೆ ಕರೆತರುತ್ತಿದ್ದಾರೆ. ಹೇಳಲು ಹೋಗಲಿಲ್ಲ, ಬಾತು ಇನ್ನಷ್ಟು ಆರುತ್ತಿತ್ತು.

ಅದನ್ನು ಹೇಳಿದವನು ರಾಯರ ಆಫೀಸಿನ ಸಹೋದ್ಯೋಗಿ, ಮೆಕ್ಸಿಕೋದ ಪ್ವೆಬ್ಲಾ ಊರಿನವನು. ಕ್ರಿಸ್‌ಮಸ್‌ಗೆ ರಾಯರು ಕೊಟ್ಟ ಬಾಟಲಿಯನ್ನು ಮರ್ಯಾದೆಯಿಂದ ಮೂಸಿ, ಇದನ್ನು ಯಾವುದಕ್ಕೆ ಹಾಕಬೇಕು ಎಂದು ಕೇಳಿದನಂತೆ. ಟ್ಯಾಕೊಗೆ ಎಂದಾಗ ಅವನಿಗೆ ಗಲಿಬಿಲಿ. ಅವರಲ್ಲಿ ಮಾಂಸಕ್ಕೆ ಉಪ್ಪು, ತಿನ್ನುವಾಗ ಮೇಲೊಂದು ಹನಿ ನಿಂಬೆರಸ, ಪಕ್ಕಕ್ಕೆ ಸಾಲ್ಸಾ. ಒಣಮೆಣಸು ಬೇಕಾದರೆ ನೆನೆಹಾಕಿ ನುಣ್ಣಗೆ ರುಬ್ಬಿ ಬಳಿಯುತ್ತಾರೆ. ಪುಡಿ ಉದುರಿಸುವ ಪದ್ಧತಿ ಅವನ ಮನೆಯಲ್ಲಿಲ್ಲ. ಆಮೇಲೆ ಅವನು ಸಹಜವಾಗಿ, ನಿಮ್ಮ ಮನೆಯ ಮಸಾಲೆ ಯಾವುದು, ಅದಕ್ಕೆ ಏನೇನು ಹಾಕುತ್ತೀರಿ ಎಂದು ಕೇಳಿದ.

ರಾಯರಿಗೆ ಉತ್ತರ ತೋಚಲಿಲ್ಲ. ಅವರ ಮನೆಯ ಸಾರಿನ ಪುಡಿ ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿದೆ, ಅಮ್ಮ ಊರಿನಿಂದ ತಂದದ್ದು. ಲೇಬಲ್ ಇಲ್ಲ, ತಾರೀಖಿಲ್ಲ. ಇಡೀ ಅಡುಗೆಮನೆಯಲ್ಲಿ ರಾಯರು ಬೆನ್ನು ತಿರುಗಿಸಿ ನೋಡದ ಬಾಟಲಿ ಅದೊಂದೇ. ಸಂಜೆ ಮನೆಗೆ ಬಂದು, “ಅಮ್ಮ, ಸಾರಿನ ಪುಡಿಗೆ ಮೆಂತ್ಯ ಎಷ್ಟು ಗ್ರಾಂ?” ಎಂದು ಪೆನ್ನು ಹಿಡಿದು ಕೂತರಂತೆ. “ಹಾಕಿದಷ್ಟು” ಎಂದರಂತೆ ಅಮ್ಮ.

ಈಗ ಅಮ್ಮ ಊರಿಗೆ ಮರಳಿದ್ದಾರೆ. ನನ್ನ ಮನೆಯ ಕಪಾಟಿನಲ್ಲಿ ರಾಯರ ಬಾಟಲಿಗಳು ಸಾಲಾಗಿ ನಿಂತಿವೆ. ಬ್ಯಾಚ್ ನಂಬರು, ತೂಕದ ಇಳಿಕೆ ಕ್ರಮದಲ್ಲಿ ಪದಾರ್ಥಗಳ ಪಟ್ಟಿ, ಕೆಳಗೆ ದಪ್ಪಕ್ಷರದಲ್ಲಿ ‘ಮರಳು ಇಲ್ಲ’. ನಾನು ಗುಟ್ಟಾಗಿ ಪೊಟ್ಟಣವನ್ನೇ ತರುತ್ತೇನೆ. ರಾಯರಿಗೆ ಈಗ ಪುಡಿಯ ಮೇಲೆ ಆಸಕ್ತಿ ಹೋಗಿದೆ. ಟೋರ್ಟಿಯಾವನ್ನೇ ಮೂಲದಿಂದ ಮಾಡುತ್ತಾರಂತೆ. ಅದಕ್ಕೆ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ಕಳಚಿ ರುಬ್ಬಬೇಕು. ಮೆಕ್ಸಿಕೋದವರು ಸಾವಿರಾರು ವರ್ಷಗಳಿಂದ ಹಾಗೆ ಮಾಡಿಕೊಂಡು ಬಂದಿದ್ದಾರೆ. ಇಲ್ಲಿ ಅಂಗಡಿಯಲ್ಲಿ ಸುಣ್ಣ ಸಿಗುತ್ತದೆ; ಆದರೆ ಅದರ ಲೇಬಲ್ ರಾಯರಿಗೆ ಸರಿಬರಲಿಲ್ಲ. ಭಾನುವಾರ ತೀರ್ಥಹಳ್ಳಿಗೆ ಫೋನ್ ಹಚ್ಚಿದರು.

“ಅಮ್ಮ, ಮುಂದಿನ ಸಲ ಬರುವಾಗ ಒಂದಿಷ್ಟು ಸುಣ್ಣ ತಗೊಂಡು ಬಾ.”

“ಎಲೆ ಅಡಿಕೆ ಶುರು ಮಾಡಿದ್ಯನಾ?”

“ಅಲ್ಲಮ್ಮ, ಜೋಳ ಬೇಯಿಸಕ್ಕೆ.”

ಸ್ಪೀಕರ್ ಫೋನಿನಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಶ್ರೀಮತಿ ಪಾತ್ರೆ ತೊಳೆಯುತ್ತಲೇ ಕೂಗಿದರು: “ಅತ್ತೆ, ಸುಣ್ಣ ಸ್ವಲ್ಪ ಜಾಸ್ತೀನೇ ತನ್ನಿ. ಮರಳು ಬೇಡ ಅಂದ್ರು, ಸಿಮೆಂಟು ತರಲಿಲ್ಲ. ಮೆಟ್ಟಿಲು ಇನ್ನೂ ಹಾಗೇ ಇದೆ.”