ಟೊಪಗಿ ತಗದ ತಿಂದ ಚಾಕಲೇಟ್

(ಉಗಾರ ಖುರ್ದ. ಮಗನ ಮನಿಗೆ ಜರ್ಮನಿಗಿ ಹೋಗಿದ್ದ ಕಾಕಾ, ಕಾಕು ತಿರುಗಿ ಬಂದಾರ. ಮಹಾದೇವ ಪಡಸಾಲ್ಯಾಗ ಕುಂತಾನ. ನೆಪ ಕುಶಲ ಕೇಳೂದು, ಕಣ್ಣ ಮಾತ್ರ ಬ್ಯಾಗಿನ ಮ್ಯಾಲ.)

ಮಹಾದೇವ: ಕಾಕಾ, ಅಲ್ಲೆ ಏನೇನ ನೋಡಿದ್ರಿ?

ಕಾಕಾ: ಕಲೋನ್ ಊರಾಗ ರೈನ್ ಹೊಳಿ ದಂಡಿಗೆ ಚಾಕಲೇಟ್ ಮ್ಯೂಜಿಯಂ ಐತಿ. ಹಾನ್ಸ್ ಇಮ್‌ಹೋಫ್ ಅನ್ನೂ ಚಾಕಲೇಟ್ ಸಾಹುಕಾರ 1993ರಾಗ ಸುರು ಮಾಡಿದ್ದು.

ಮಹಾದೇವ: ತಿನ್ನೂದನ್ನ ಇಟಗೊಂಡ ನೋಡ್ತಾರೇನ್ರಿ?

ಕಾಕಾ: ಮ್ಯಾಲ ತಿಕೀಟ ಬ್ಯಾರೆ! ಯೂರೋನ ರೂಪಾಯಿ ಮಾಡಿ ನೋಡಿದೆ, ಬಾಗಲದಾಗ ಕಾಲ ಹಿಡದ ನಿಂತುವು.

ಕಾಕು: ನಾ ದಬ್ಬಿದ ಮ್ಯಾಲ ಒಳಗ ಹ್ವಾದ್ರು.

ಕಾಕಾ: ಒಳಗ ಕಾಜಿನ ಮನಿ. ಅದರಾಗ ಕೊಕ್ಕೊ ಗಿಡ. ಕಾಯಿ ಬೊಡ್ಡಿಗೇ ಹತಗೊಂಡಿರತಾವು, ಹಲಸಿನಂಗ. ಆ ಥಂಡಿ ದೇಶದಾಗ ಬಯಲಿಗೆ ಒಂದ ಗಿಡಾ ಬರಂಗಿಲ್ಲ. ಬೀಜಾ ಬಾಳ ಮಟ್ಟಿಗೆ ಆಫ್ರಿಕಾದಿಂದ ಬರಬೇಕು. ಬೆಳೆಯವ್ರು ಅಲ್ಲೆ, ತಿಕೀಟ ಹರಿಯವ್ರು ಇಲ್ಲೆ!

ಮಹಾದೇವ: ನಮ್ಮ ರಾಜ್ಯದಾಗ ಬೆಳಿಯಂಗಿಲ್ಲೇನ್ರಿ?

ಕಾಕಾ: ಬೆಳಿತಾರಪಾ, ದಕ್ಷಿಣ ಕನ್ನಡದ ಅಡಿಕಿ ತ್ವಾಟದಾಗ. ಒಂದ ಸಲ ಕೊಳ್ಳವ್ರು ಹಿಂದ ಸರದ್ರು, ದರಾ ಬಿತ್ತು. ಆಗ ಕ್ಯಾಂಪ್ಕೊ ಸಹಕಾರಿ ಸಂಘ ರೈತರ ಕೈ ಹಿಡದು, 1986ರಾಗ ಪುತ್ತೂರಾಗ ತಾನ ಚಾಕಲೇಟ್ ಫ್ಯಾಕ್ಟರಿ ಹಾಕ್ತು. ಗಂಡಸ್ತನಾ ಅಂದ್ರ ಅದು.

ಕಾಕು: ಕಾರಂಜಿ ಸುದ್ದಿ ಹೇಳ್ರಿ.

ಕಾಕಾ: ಹಾಂ! ಮೂರ ಮೀಟರ್ ಎತ್ತರ, 200 ಕಿಲೋ ಚಾಕಲೇಟ್ ಬಿಸಿಬಿಸಿ ಹರಿತೈತಿ. ಒಬ್ಬಾಕಿ ನಿಂತು ಬಿಸ್ಕೀಟ ಅದ್ದಿ ಅದ್ದಿ ಕೊಡತಾಳು.

ಕಾಕು: ಇವ್ರು ಮೂರ ಸಲ ಪಾಳಿ ಹಚ್ಚಿದ್ರು. ಮೂರನೇ ಸಲ ಗುರ್ತಾ ಹತ್ತಬಾರದಂತ ಗಾಂಧಿ ಟೊಪಗಿ ತಗದ ಕಿಸೇದಾಗ ಇಟಗೊಂಡ್ರು!

ಮಹಾದೇವ: ಗುರ್ತಾ ಹತ್ತಲಿಲ್ಲೇನ್ರಿ?

ಕಾಕು: ಮೀಸಿಗೆ ಚಾಕಲೇಟ್ ಹತ್ತಿತ್ತಲ್ಲೋ.

ಕಾಕಾ: ತಿಕೀಟ ವಸೂಲ ಆಗಬೇಕಲಾ! ನಮ್ಮ ಗಾಣಕ್ಕ ಯಾರ ಬಂದ್ರೂ ಕಬ್ಬಿನ ಹಾಲ ಕುಡಿಸಿ, ಬಿಸಿ ಬೆಲ್ಲಾ ಕೊಟ್ಟ ಕಳಸತೀವಿ. ಯಾವನರ ತಿಕೀಟ ಕೇಳ್ಯಾನೇನು?

ಮಹಾದೇವ: ನಾವೂ ಒಂದ ಮ್ಯೂಜಿಯಂ ಮಾಡೂಣ್ರಿ ಕಾಕಾ. ಉಗಾರ ಸಕ್ಕರಿ, ನಿಪ್ಪಾಣಿ ತಂಬಾಕ, ಅಥಣಿ ಚಪ್ಪಲಿ, ಎಲ್ಲಾ ಒಂದ ಕಡೆ.

ಕಾಕು: ಕಾರಂಜ್ಯಾಗ ಏನ ಅದ್ದಿ ಕೊಡ್ತೀಯೋ, ಚಪ್ಪಲಿ?

ಮಹಾದೇವ: ಅದಿರ್ಲಿ ಕಾಕು, ಚಾಕಲೇಟ ತಂದೀರಿಲ್ಲೋ?

ಕಾಕು: ತಂದಿದ್ನೆಪಾ. ಈ ಬ್ಯಾಸಗ್ಯಾಗ ಮುಂಬೈಯಿಂದ ಉಗಾರ ಮುಟ್ಟೂದ್ರಾಗ ರೈಲಿನ್ಯಾಗ ಕರಗಿ ರಾಡಿ ಆತು. ಚೆಲ್ಲಾಕ ಮನಸ ಬರಲಿಲ್ಲ. ಶೇಂಗಾದ ಪುಡಿ, ಬೆಲ್ಲಾ ಕೂಡಿಸಿ ಹೋಳಿಗಿ ಮಾಡೀನಿ. ತಗೋ.

ಮಹಾದೇವ: (ಬಾಯಿ ತುಂಬ) ಕಾಕು, ಭಾರಿ ಆಗೇತ್ರಿ! ಇನ್ನೊಂದ?

ಕಾಕಾ: ಟೊಪಗಿ ತಗದ ಬಾ.