ಆನೆ ನೋಡಲು ಬನ್ನಿ, ಅಕ್ಕಿ ನೀವೇ ತನ್ನಿ

ತಿನ್ನೋಕೆ ಏನು ಸಿಗುತ್ತೆ? ಕುಡಿಯೋಕೆ ಏನು ಸಿಗುತ್ತೆ? ಆಕ್ಟಿವಿಟಿ ಏನಿದೆ?

ಈ ಮೂರಕ್ಕೆ ಉತ್ತರ ಸಿಗದೆ ಈಗ ಬೆಂಗಳೂರಿನಿಂದ ಒಂದು ಕಾರೂ ಹೊರಡುವುದಿಲ್ಲ. ಹಿಂದೆ ಊರಿಗೆ ಬರುವವರು ‘ಮನೇಲಿ ಯಾರಿದ್ದಾರೆ?’ ಎಂದು ಕೇಳುತ್ತಿದ್ದರು. ಈಗ ‘ಏನಿದೆ?’ ಎನ್ನುತ್ತಾರೆ.

ನನ್ನ ಅಕ್ಕನ ಮಗ 2024ರ ಜನವರಿಯಲ್ಲಿ ಮಾಲ್ಡೀವ್ಸ್‌ಗೆ ಟಿಕೆಟ್ ಮಾಡಿಸಿದ್ದ. ಅಷ್ಟರಲ್ಲಿ ಪ್ರಧಾನಿಯವರು ಲಕ್ಷದ್ವೀಪದ ಕಡಲ ದಂಡೆಯಲ್ಲಿ ಕೂತ ಫೋಟೊ ಬಂತು. ಮಾಲ್ಡೀವ್ಸ್‌ನ ಉಪಮಂತ್ರಿಗಳು ನಾಲಿಗೆ ಹರಿಬಿಟ್ಟರು. ಇವನಿಗೆ ರಾತ್ರೋರಾತ್ರಿ ದೇಶಪ್ರೇಮ ಉಕ್ಕಿತು. ಟಿಕೆಟ್ ರದ್ದು. ಹೋದರೆ ನಮ್ಮ ಲಕ್ಷದ್ವೀಪಕ್ಕೇ.

ವಾರ ಕಳೆದು ಫೋನು. ‘ಮಾವ, ಅಲ್ಲಿಗೆ ಹೋಗೋಕೆ ಪರ್ಮಿಟ್ ಬೇಕಂತೆ.’ ಹೌದು ಕಣೋ. ‘ಬಂಗಾರಂ ಅನ್ನೋ ಒಂದು ದ್ವೀಪ ಬಿಟ್ರೆ ಎಲ್ಲೂ ಎಣ್ಣೆ ಕೊಡಲ್ವಂತೆ.’ ಅದೂ ಹೌದು ಕಣೋ. ದೇಶಪ್ರೇಮ ಅಲ್ಲಿಗೇ ಇಳಿಯಿತು. ‘ಬಿಡಿ ಮಾವ, ನಿಮ್ಮೂರಿಗೇ ಬತ್ತೀವಿ. ಎಂಟು ಜನ. ಏನೇನಿದೆ ಅಲ್ಲಿ?’

ಏನಿದೆ ಎಂದು ಹೇಳಲಿ? ನಮ್ಮೂರೂ ಒಂದು ದ್ವೀಪವೇ. ಕೆ. ಹೊಸಕೋಟೆ, ಆಲೂರು ತಾಲ್ಲೂಕಿನ ಹೋಬಳಿ. ಸುತ್ತ ನೀರಿಲ್ಲ, ಆನೆ ಇದೆ. ಸಂಜೆ ಆರರ ಮೇಲೆ ಯಾರೂ ದಡ ದಾಟುವಂತಿಲ್ಲ. ಒಂದು ಗಾಳಿಮಳೆಗೆ ಕರೆಂಟು ಹೋಗುತ್ತದೆ, ಅದರ ಹಿಂದೆ ನೆಟ್‌ವರ್ಕು. 2024ರ ಜುಲೈನಲ್ಲಿ ಗುಡ್ಡ ಜಾರಿ ಶಿರಾಡಿ ಘಾಟಿ ರಸ್ತೆಯೇ ಬಂದಾಯಿತು. ದ್ವೀಪಕ್ಕೆ ಇನ್ನೇನು ಬೇಕು? ಪರ್ಮಿಟ್ಟೂ ಬೇಡ.

ಮೊದಲು ಊಟ. ‘ಅಪ್ಪಟ ಮಲೆನಾಡು ಊಟ’ ಎಂದು ಎಲ್ಲ ಹೋಂಸ್ಟೇಗಳ ಬೋರ್ಡಿನಲ್ಲೂ ಇದೆ. ಅಕ್ಕಿ ರೊಟ್ಟಿ, ಕಡುಬು, ನಾಟಿಕೋಳಿ ಸಾರು, ಹಂದಿ ಮಾಂಸ. ಮಳೆಗಾಲಕ್ಕೆ ಬಂದರೆ ಕಳಲೆ ಪಲ್ಯ, ಮರಗೆಸುವಿನ ಪತ್ರೊಡೆ. ಬಾಯಲ್ಲಿ ನೀರು ಬಂತೇ? ನುಂಗಿಕೊಂಡು ಮುಂದೆ ಓದಿ.

ಅಕ್ಕಿ ಅಂಗಡಿಯದ್ದು. ಆನೆಗೆ ಹೆದರಿ ಈ ಕಡೆ ಎಷ್ಟೋ ಗದ್ದೆಗಳು ಬೀಳು ಬಿದ್ದಿವೆ. ತೆನೆ ಹಾಲು ತುಂಬುವ ಹೊತ್ತಿಗೆ ಯಜಮಾನನಿಗಿಂತ ಮೊದಲು ಆನೆಗೆ ಗೊತ್ತಾಗುತ್ತದೆ. ನಾಟಿಕೋಳಿ ಎಲ್ಲಿಯದೋ ಫಾರಂನಿಂದ ಬಂದು, ಅಂಗಳದಲ್ಲಿ ಒಂದು ರಾತ್ರಿ ತಂಗಿ, ಬೆಳಗಾಗುವಷ್ಟರಲ್ಲಿ ನಾಟಿಯಾಗಿರುತ್ತದೆ. ಅದೂ ಒಂಥರಾ ಹೋಂಸ್ಟೇ ಗಿರಾಕಿಯೇ.

ಕಡುಬು ಕಟ್ಟುವವನು ಅಸ್ಸಾಮಿನ ಹುಡುಗ. ಹಗಲು ‘ಹೊರಗಿನವರಿಂದ ಊರು ಕೆಟ್ಟಿತು’ ಎಂದು ಪೊಲೀಸ್ ಠಾಣೆಗೆ ಮನವಿ ಕೊಡುವವರೇ, ರಾತ್ರಿ ಅವನ ಕೈಯ ಕಡುಬನ್ನು ‘ಅಜ್ಜಿ ಕಾಲದ ರುಚಿ’ ಎಂದು ಬಡಿಸುತ್ತಾರೆ. ರುಚಿ ಚೆನ್ನಾಗಿಯೇ ಇರುತ್ತದೆ, ಹುಡುಗ ಬೇಗ ಕಲಿತಿದ್ದಾನೆ. ನಮ್ಮ ಹುಡುಗರಿಗೆ ಕಡುಬು ಕಟ್ಟಲು ಬರುವುದಿಲ್ಲ. ಅವರು ಬೆಂಗಳೂರಿನಲ್ಲಿ ಮೋಮೊ ತಿನ್ನುತ್ತಿದ್ದಾರೆ.

ಊಟ ಮುಗಿದ ಮೇಲೆ ಅತಿಥಿಯೊಬ್ಬ ಪಕ್ಕಕ್ಕೆ ಕರೆದು ಕಿವಿಯಲ್ಲಿ ಕೇಳುತ್ತಾನೆ: ‘ಅಣ್ಣಾ, ಕಾಡುಹಂದಿ ಸಿಗುತ್ತಾ?’ ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ. ಇವನು ಹುಟ್ಟುವ ಮೊದಲೇ. ಇವನ ಕಾರಿನ ಹಿಂದೆ ‘ಹುಲಿ ಉಳಿಸಿ’ ಎಂಬ ಸ್ಟಿಕ್ಕರ್ ಇದೆ. ಹುಲಿಯನ್ನು ಮಾತ್ರ ಉಳಿಸುವುದು. ಉಳಿದದ್ದಕ್ಕೆ ಮಸಾಲೆ.

ಇನ್ನು ಕುಡಿಯುವುದು. ದೇಶದ ಕಾಫಿಯಲ್ಲಿ ಹತ್ತಕ್ಕೆ ಏಳು ಪಾಲು ಕರ್ನಾಟಕದ್ದು. ಕಾಫಿ ತೋಟದ ನಡುವಿನ ಕೋಣೆಯಲ್ಲಿ ಅತಿಥಿಗೆ ಸಿಗುವುದು ಬಿಸಿನೀರಿನ ಕೆಟಲ್ಲು, ಪಕ್ಕದಲ್ಲಿ ಇನ್‌ಸ್ಟಂಟ್ ಪುಡಿಯ ಪೊಟ್ಟಣ. ಒಳ್ಳೇ ಬೀಜ ಹಡಗು ಹತ್ತಿ ಹೋಯಿತು. ತೋಟದ ಆಳುಗಳು ಲೈನ್ ಮನೆಯಲ್ಲಿ ಬೆಲ್ಲ ಹಾಕಿ ಕುದಿಸುವ ಕರಿಕಾಫಿಯೇ ಊರಿನ ನಿಜವಾದ ಕಾಫಿ. ಅದು ಮೆನುವಿನಲ್ಲಿಲ್ಲ.

ಅತಿಥಿಗೇನೂ ಬೇಜಾರಿಲ್ಲ ಬಿಡಿ. ಅವನು ಕುಡಿಯಲು ಬಂದದ್ದು ಕಾಫಿಯಲ್ಲ. ಅವನಿಗೆ ಬೇಕಾದ ಎಣ್ಣೆ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ. ಸಿಗಬಾರದು, ಸಿಗುತ್ತದೆ. ಗುಡ್ಡದ ತಲೆಯ ಮೇಲೆ ಕೂತು ಕುಡಿದು, ಬಾಟಲಿ ಬಂಡೆಗೆ ಹೊಡೆದು, ‘ಪ್ರಕೃತಿ ಅಂದ್ರೆ ಇದು ಮಗಾ’ ಎನ್ನುತ್ತಾನೆ. ಮಾರನೇ ದಿನ ಆ ಗಾಜು ದನದ ಗೊರಸಿನಲ್ಲಿರುತ್ತದೆ.

ನೀರು ಕೇಳಿದಿರಾ? ನೀರಿನ ಕಥೆ ದೊಡ್ಡದು. ಎತ್ತಿನಹೊಳೆ ಯೋಜನೆಗೆ 2012ರಲ್ಲಿ ಒಪ್ಪಿಗೆ ಕೊಟ್ಟಾಗ ಅಂದಾಜು 8,323 ಕೋಟಿ ರೂಪಾಯಿ. ಆಮೇಲೆ ಅದು 23,251 ಕೋಟಿ ದಾಟಿತು. ಹೊಳೆ ಬೆಳೆಯಲಿಲ್ಲ, ಅಂದಾಜು ಬೆಳೆಯಿತು. 2024ರ ಸೆಪ್ಟೆಂಬರ್ 6ರ ಗೌರಿ ಹಬ್ಬದ ದಿನ ಸಕಲೇಶಪುರ ತಾಲ್ಲೂಕಿನಲ್ಲೇ ಬಾಗಿನ, ಬಟನ್ನು, ಭಾಷಣ. ಕೋಲಾರದ ಹೆಸರಿನಲ್ಲಿ ಮೇಲೆತ್ತಿದ ನೀರು ಮೊದಲು ಹರಿದದ್ದು ವಾಣಿವಿಲಾಸ ಸಾಗರದ ಕಡೆಗೆ. ಕೋಲಾರದವರು ಟಿವಿಯಲ್ಲಿ ನೋಡಿ ಬಾಯಾರಿಕೆ ತೀರಿಸಿಕೊಂಡರು.

ಈಗ ಆಕ್ಟಿವಿಟಿ. ಇದನ್ನು ಸ್ವಲ್ಪ ಸಾವಧಾನವಾಗಿ ಕೇಳಿ.

ರೇನ್ ಡ್ಯಾನ್ಸ್. ಹೌದು, ಸಕಲೇಶಪುರ ಸೀಮೆಯಲ್ಲಿ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡದ ಊರಿನಲ್ಲಿ, ಬೋರ್‌ವೆಲ್ ನೀರನ್ನು ಮೋಟರಿನಲ್ಲಿ ಮೇಲೆತ್ತಿ, ಪೈಪಿಗೆ ತೂತು ಕೊರೆದು, ಅದರ ಕೆಳಗೆ ಕುಣಿಯುವುದು. ಹೊರಗೆ ನಿಜವಾದ ಮಳೆ ಬಂದರೆ ಎಲ್ಲರೂ ಒಳಗೆ ಓಡುತ್ತಾರೆ. ನೆಗಡಿಯಾಗುತ್ತದಂತೆ.

ಕೆಸರು ವಾಲಿಬಾಲ್. ಭತ್ತ ಬೆಳೆಯುವುದನ್ನು ಬಿಟ್ಟ ಅದೇ ಗದ್ದೆಗೆ ನೀರು ಕಟ್ಟಿ, ಉಳುಮೆ ಮಾಡಿ, ನಡುವೆ ಬಲೆ ಬಿಗಿಯುವುದು. ನಾಟಿಗೆ ಕೂಲಿ ಕೊಡುತ್ತೇವೆಂದರೂ ಒಬ್ಬರೂ ಇಳಿಯದ ಕೆಸರಿಗೆ, ತಾವೇ ದುಡ್ಡು ಕೊಟ್ಟು ಇಪ್ಪತ್ತು ಜನ ಬೀಳುತ್ತಾರೆ. ಗದ್ದೆಗೆ ಭತ್ತವಿಲ್ಲ, ಗುಡ್ಡಕ್ಕೆ ಜಿಪ್‌ಲೈನು. ನಾನೇನು ಸಾಚಾ ಎಂದುಕೊಳ್ಳಬೇಡಿ. ನನ್ನ ಒಂದು ಎಕರೆ ಗದ್ದೆಯೂ ವಾರಾಂತ್ಯಕ್ಕೆ ಬಾಡಿಗೆಗೆ ಹೋಗಿದೆ. ಭತ್ತದಲ್ಲಿ ಕಂಡರಿಯದ ದುಡ್ಡು ಎರಡು ಶನಿವಾರದಲ್ಲಿ ಕಂಡೆ. ಎಣಿಸುವಾಗ ಕೈ ನಡುಗಲಿಲ್ಲ.

ಮಂಜರಾಬಾದ್ ಕೋಟೆಗೆ ಹೋಗಿ ಎನ್ನುತ್ತೇನೆ. ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ. ‘ಡ್ರೋನ್ ಇಲ್ದೆ ಶೇಪ್ ಕಾಣಲ್ಲ ಅಂಕಲ್’ ಎಂದು ವಾಪಸು ಬರುತ್ತಾರೆ. ಬಿಸಿಲೆ ಘಾಟಿಯಲ್ಲಿ ಮಂಜು ಇದ್ದರೆ ‘ಏನೂ ಕಾಣ್ಲಿಲ್ಲ’, ಮಂಜು ಇಲ್ಲದಿದ್ದರೆ ‘ಮಂಜೇ ಇರ್ಲಿಲ್ಲ’. ಸುಬ್ರಹ್ಮಣ್ಯದ ಕಡೆ ಇಳಿಯುವ ಘಾಟಿ ರೈಲು ಹಾದಿಯಲ್ಲಿ 57 ಸುರಂಗಗಳಿವೆ. ಹಳಿ ಮೇಲೆ ನಡೆಯುವುದು ನಿಷೇಧ. ಆದ್ದರಿಂದಲೇ ನಡೆಯುತ್ತಾರೆ.

ಇವೆಲ್ಲ ಚಿಲ್ಲರೆ. ದೊಡ್ಡ ಆಕ್ಟಿವಿಟಿ ಆನೆ.

ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದರು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು, ಆನೆಯ ದಾರಿಗಳೂ ಮುಳುಗಿದವು. ಊರಿನವರಿಗೆ ಪರಿಹಾರದ ಕಡತವಾದರೂ ಇತ್ತು. ಆನೆ ಅರ್ಜಿ ಹಾಕಲಿಲ್ಲ, ನೇರ ತೋಟಕ್ಕೆ ಬಂತು. ಹೈಕೋರ್ಟ್ ಕಾರ್ಯಪಡೆ ಮಾಡಿಸಿತು, 2012ರಲ್ಲಿ ವರದಿ ಬಂತು, ಆಮೇಲೆ ಆಲೂರು ಕಡೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಈಗ ಅವಕ್ಕೆ ಹೆಸರಿದೆ. ಭೀಮ, ಕ್ಯಾಪ್ಟನ್. ಬೀಟಮ್ಮನ ಗ್ಯಾಂಗು, ಭುವನೇಶ್ವರಿ ಗ್ಯಾಂಗು. ನಮ್ಮ ಗ್ರಾಮ ಪಂಚಾಯಿತಿ ಸದಸ್ಯರ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುವ ಮಕ್ಕಳು, ಆನೆಗಳ ವಂಶಾವಳಿ ಒಪ್ಪಿಸುತ್ತಾರೆ.

ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ರಸ್ತೆ ಬದಿ ಬೋರ್ಡಿನಲ್ಲೂ ಮಿನುಗಿಸುತ್ತದೆ. ಯಾಕೆ? ಆ ಕಡೆ ಹೋಗಬೇಡಿ ಎಂದು. ತೋಟದ ಆಳುಗಳು, ಶಾಲೆಗೆ ನಡೆದು ಹೋಗುವ ಮಕ್ಕಳು ಉಳಿಯಲಿ ಎಂದು.

ಅದೇ ಸಂದೇಶವನ್ನು ಹೋಂಸ್ಟೇಯವರು ಗಿರಾಕಿಗಳಿಗೆ ಕಳಿಸುತ್ತಾರೆ. ಯಾಕೆ? ಆ ಕಡೆ ಹೋಗಿ ಎಂದು. ಜೀಪು ರೆಡಿ ಇದೆ ಎಂದು.

ನನ್ನ ಪಕ್ಕದ ತೋಟದ ಸಾಹುಕಾರರನ್ನೇ ನೋಡಿ. ಸೋಮವಾರ ಹಾಸನದಲ್ಲಿ ಡೀಸಿ ಕಚೇರಿ ಮುಂದೆ ‘ಆನೆ ಓಡಿಸಿ, ಜನ ಉಳಿಸಿ’ ಎಂದು ಫಲಕ ಹಿಡಿದಿದ್ದರು. ಮುಷ್ಟಿ ಬಿಗಿದು ಕೂಗಿದ್ದನ್ನು ನಾನೂ ಟಿವಿಯಲ್ಲಿ ಕಂಡೆ. ಶನಿವಾರ ಅವರ ಹೋಂಸ್ಟೇ ಜಾಹೀರಾತು ನನ್ನ ಮೊಬೈಲಿಗೇ ಬಂತು. ‘ಬಾಲ್ಕನಿಯಿಂದಲೇ ಕಾಡಾನೆ ದರ್ಶನ.’ ಬಾಳೆಗಿಡ ಮುರಿದದ್ದಕ್ಕೆ ಸರ್ಕಾರದಿಂದ ಪರಿಹಾರ, ಮುರಿಯುವುದನ್ನು ತೋರಿಸಿದ್ದಕ್ಕೆ ಗಿರಾಕಿಯಿಂದ ಬಾಡಿಗೆ. ಒಂದೇ ಆನೆ, ಎರಡು ಬಿಲ್ಲು.

2023ರ ಡಿಸೆಂಬರ್ 4ರಂದು ಯಸಳೂರು ವಲಯದ ಕಾಡಿನಲ್ಲಿ ಸಾಕಾನೆ ಅರ್ಜುನ ಸತ್ತ. ಎಂಟು ಸಲ ಮೈಸೂರಿನ ಅಂಬಾರಿ ಹೊತ್ತವನು. ಕಾಡಾನೆ ಹಿಡಿಯಲು ಅವನನ್ನು ಕರೆತಂದಿದ್ದರು, ಮದವೇರಿದ ಸಲಗದ ಎದುರು ಒಬ್ಬನೇ ಉಳಿದ. ಜನ ಅತ್ತರು. ನಿಜವಾಗಿಯೂ ಅತ್ತರು, ನಾನೂ ಅತ್ತೆ. ಈಗ ಅವನ ಸಮಾಧಿಗೆ ದಾರಿ ಕೇಳಿಕೊಂಡು ಕಾರುಗಳು ಬರುತ್ತವೆ. ಕೈಮುಗಿದು ಒಂದು ಫೋಟೊ, ಕೈ ಬಿಟ್ಟು ಒಂದು ಫೋಟೊ. ಆಮೇಲೆ, ‘ಇಲ್ಲಿ ಹತ್ರ ಫಾಲ್ಸ್ ಏನಾದ್ರೂ ಇದೆಯಾ?’

ಕೊನೆಗೆ ಒಂದು ಇಂಗ್ಲಿಷ್ ಪದದ ಮಾತು. ಇಕೋ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಮಣ್ಣುಪಾಲಾದರು. ಮಾರನೇ ದಿನ ಕೇಂದ್ರ ಸರ್ಕಾರ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹೊರಡಿಸಿತು. ಆರನೇ ಸಲ. ಕರ್ನಾಟಕದ್ದೇ 20,668 ಚದರ ಕಿಲೋಮೀಟರ್. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಬೇಡ ಎಂದಿತು. ನಮ್ಮ ಸೀಮೆಯಲ್ಲಿ ಸಿಹಿ ಹಂಚಿದರು. ಈ ಕರಡಿನ ಮೂಲವಾದ ಕಸ್ತೂರಿರಂಗನ್ ವರದಿ ಜಾರಿಗೆ ಬಂದರೆ ಬದುಕೇ ಇಲ್ಲ ಎಂದು ಕೂಗಿದ ಬಾಯಿಗಳು ಅವು. ‘ಇಕೋ ಸೆನ್ಸಿಟಿವ್ ಬೇಡ’ ಎಂದು ಬ್ಯಾನರ್ ಬರೆದುಕೊಟ್ಟ ಪೇಂಟರೇ ಮರುವಾರ ಆ ಮಂದಿಗೆ ಬೋರ್ಡು ಬರೆದುಕೊಟ್ಟ: ‘ಇಕೋ ಸ್ಟೇ’. ಗುಡ್ಡ ಕೊರೆದು, ಹಳ್ಳ ತಿರುಗಿಸಿ, ಈಜುಕೊಳ ಮಾಡಿ, ಅದರ ಬದಿಗೆ ಎರಡು ಬಿದಿರು ನೆಟ್ಟರೆ ಇಕೋ.

ಮನೆಯವರೇ ವಾಸವಿದ್ದು, ಉಳಿದ ಕೆಲವು ಕೋಣೆ ಅತಿಥಿಗಳಿಗೆ ಕೊಟ್ಟರೆ ಹೋಂಸ್ಟೇ ಎನ್ನುತ್ತದೆ ನಿಯಮ. ನಮ್ಮ ಸುತ್ತಲಿನ ಎಷ್ಟೋ ಹೋಂಸ್ಟೇಗಳ ಮನೆಯವರು ಬೆಂಗಳೂರಿನಲ್ಲಿದ್ದಾರೆ. ಹೋಮೂ ಇಲ್ಲಿಲ್ಲ, ಸ್ಟೇನೂ ಇಲ್ಲಿಲ್ಲ.

ಅಕ್ಕನ ಮಗ ಬಂದು ಹೋದ. ಎಂಟು ಜನ, ಎರಡು ರಾತ್ರಿ. ಆನೆ ಕಾಣಲಿಲ್ಲ ಎಂದು ಮುಖ ಊದಿಸಿಕೊಂಡು ಹೊರಟರು. ಅವರು ಕಾರು ಹತ್ತಿದ ರಾತ್ರಿಯೇ ಆನೆ ನಮ್ಮ ತೋಟಕ್ಕೆ ಬಂದು ಬಾಳೆ ಮುಗಿಸಿ ಹೋಯಿತು. ದರ್ಶನದ ಬಾಡಿಗೆ ಯಾರೂ ಕೊಡಲಿಲ್ಲ.

ನೀವೂ ಬನ್ನಿ, ಬೇಡ ಎನ್ನುವುದಿಲ್ಲ. ಸಂಜೆ ಆರರೊಳಗೆ ಬಂದುಬಿಡಿ. ಅಕ್ಕಿ ನಿಮ್ಮದೇ ತನ್ನಿ, ನಮ್ಮ ಗದ್ದೆಯಲ್ಲಿ ವಾಲಿಬಾಲ್ ಬೆಳೆದಿದ್ದೇವೆ. ಹೋಗುವಾಗ ಬಾಟಲಿ ತಗೊಂಡು ಹೋಗಿ. ಒಡೆಯದೆ.