ಅತ್ತೆಯ ಬಿಪಿ 120/80

ಬಸವನಗುಡಿಯ ನಮ್ಮ ಅತ್ತೆಯ ಬಿಪಿ ಮೂರು ತಿಂಗಳಿಂದ 120/80. ಬೆಳಿಗ್ಗೆಯೂ ಅಷ್ಟೇ, ಮಧ್ಯಾಹ್ನವೂ ಅಷ್ಟೇ, ರಾತ್ರಿ ಮಾತ್ರೆ ನುಂಗುವ ಮುಂಚೆಯೂ ಅಷ್ಟೇ, ನುಂಗಿದ ಮೇಲೂ ಅಷ್ಟೇ. 84ರ ವಯಸ್ಸಿನಲ್ಲಿ, ಸೊಂಟದ ಮೂಳೆ ಮುರಿದು ಒಳಗೆ ರಾಡು ಹಾಕಿಸಿಕೊಂಡು, ತಮ್ಮನ ಮೇಲಿನ ಸೈಟಿನ ದಾವೆಯನ್ನು ಇನ್ನೂ ಕೈಬಿಡದೆ ಇಂಥ ಸಾಧನೆ ಮಾಡಿದವರು ಬೆಂಗಳೂರಿನಲ್ಲಿ ಇನ್ನೊಬ್ಬರಿರಲಾರರು. ನನಗೆ 58. ಕರೆಂಟ್ ಬಿಲ್ ನೋಡಿದರೆ ಸಾಕು, ನನ್ನದು 150 ದಾಟುತ್ತದೆ.

ನ್ಯೂಜೆರ್ಸಿಯಲ್ಲಿರುವ ಅತ್ತೆಯ ಮಗನಿಗೆ ದಿನಾ ಈ ಅಂಕಿಗಳ ಗ್ರಾಫು ಆ್ಯಪಿನಲ್ಲಿ ಹೋಗುತ್ತದೆ. ಅಡಿಪಟ್ಟಿ ಇಟ್ಟು ಎಳೆದಂಥ ಗೆರೆ. ಅವನು ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ಕೈಮುಗಿದ ಚಿತ್ರ ಅಂಟಿಸಿ, ಮನೆಗೆ ಆರೈಕೆಯವರನ್ನು ಕಳಿಸುವ ಕಂಪನಿಗೆ ಐದು ನಕ್ಷತ್ರ ಒತ್ತಿ ಆಫೀಸಿಗೆ ಹೊರಡುತ್ತಾನೆ. ಅವನ ಬಿಪಿಯೂ ಅದರಿಂದ ಹತೋಟಿಯಲ್ಲಿದೆಯಂತೆ. ಇದೊಂದು ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ.

ಯುಗಾದಿಯ ಹಿಂದಿನ ದಿನ ನಾನು ಹೋಳಿಗೆ ಕೊಡಲು ಹೋದವನು ಸುಮ್ಮನಿರಲಾರದೆ, ನನ್ನದೂ ಒಮ್ಮೆ ನೋಡಿಬಿಡೋಣ ಎಂದು ಬಿಪಿ ಮಿಷನ್ನಿಗೆ ಕೈ ಕೊಟ್ಟೆ. ಉಸಿರಿಲ್ಲ. ತಿರುಗಿಸಿ ಮುಚ್ಚಳ ತೆಗೆದರೆ ಒಳಗೆ ಸೆಲ್ಲೇ ಇಲ್ಲ. ಎರಡು ವಾರದ ಹಿಂದೆಯೇ ಅವು ಹಾಲಿನ ಗೋಡೆ ಗಡಿಯಾರಕ್ಕೆ ವರ್ಗವಾಗಿದ್ದವು. "ಗಡಿಯಾರ ನಿಂತುಹೋಗಿತ್ತು ಸಾರ್. ಮಾತ್ರೆ ಕೊಟ್ಟ ಟೈಮ್ ತಪ್ಪು ಬರೆದ್ರೆ ಸೂಪರ್‌ವೈಸರ್ ಪಾಯಿಂಟ್ ಕಟ್ ಮಾಡ್ತಾರೆ" ಎಂದಳು ನೋಡಿಕೊಳ್ಳುವ ಹುಡುಗಿ. ಮಿಷನ್ ಓಡದಿದ್ದರೆ? ಅದಕ್ಕೆ ಪಾಯಿಂಟಿಲ್ಲ. ರಿಜಿಸ್ಟರ್ ತುಂಬಿರಬೇಕು, ಅಷ್ಟೇ. ಹುಡುಗಿ ದಡ್ಡಿಯಲ್ಲ. ಪರೀಕ್ಷೆಗೆ ಏನು ಬರುತ್ತದೋ ಅದನ್ನಷ್ಟೇ ಓದುವುದನ್ನು ನಾವೂ ಎಸ್ಸೆಸ್ಸೆಲ್ಸಿಯಲ್ಲಿ ಕಲಿತವರೇ.

ಇವಳಿಗೂ ಮುಂಚೆ ಸಿಂಧನೂರು ಕಡೆಯ ಒಬ್ಬಾಕೆ ಇದ್ದಳು. ನಲವತ್ತರ ಹೆಂಗಸು. ಸಮವಸ್ತ್ರದ ಟೀ ಶರ್ಟನ್ನು ಸೀರೆಯ ಮೇಲೇ ತೊಟ್ಟು, ಸೂಪರ್‌ವೈಸರ್ ಅತ್ತ ಹೋದೊಡನೆ ಬಿಚ್ಚಿ ಗೂಟಕ್ಕೆ ನೇತುಹಾಕುತ್ತಿದ್ದಳು. ರಿಜಿಸ್ಟರಿನಲ್ಲಿ ಅಕ್ಷರಕ್ಕಿಂತ ಎಣ್ಣೆ ಕಲೆಯೇ ಹೆಚ್ಚು. ಅತ್ತೆಯ ಮಂಚದ ಮೇಲೇ ಕೂತು ರೊಟ್ಟಿ ಮುರಿಯುತ್ತ ಊರಿನ ಸುದ್ದಿ ಹೇಳುವಳು. ಅತ್ತೆ ಮಾತಿನ ನಡುವೆ ತಟಕ್ಕನೆ ಸುಮ್ಮನಾದರೆ, "ಯಾಕ್ರಿ ಅಜ್ಜಿ, ಸುಮ್ಮಕ ಕುಂತ್ರಿ? ಬಚ್ಚಲಕ್ಕ ಹೋಗೋಣೇನ್ರಿ?" ಎಂದು ಎದ್ದು ವಾಕರ್ ಎಳೆಯುವಳು. ಅತ್ತೆಗೆ ಕೇಳಲು ನಾಚಿಕೆ. ಆ ನಾಚಿಕೆಯ ಮುಖ ಆಕೆಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಐವತ್ತು ವರ್ಷ ಆ ಮುಖ ನೋಡಿದ್ದೇನೆ.

ಆಕೆಯ ರೇಟಿಂಗ್ 2.8ಕ್ಕೆ ಇಳಿಯಿತು. ಇಳಿಸಿದವರು ನಾವೇ. ಮಂಚದ ಮೇಲೆ ಕೂರುತ್ತಾಳೆ, ಫೋನಿನಲ್ಲಿ ಜೋರಾಗಿ ಮಾತಾಡುತ್ತಾಳೆ, ಅಡುಗೆಮನೆಗೆ ನೇರ ನುಗ್ಗುತ್ತಾಳೆ. ನಮ್ಮ ಮನೆತನದ ನೈರ್ಮಲ್ಯಶಾಸ್ತ್ರ ಸೂಕ್ಷ್ಮವಾದದ್ದು. ಅತ್ತೆಯ ಮಲ ತೊಳೆಯುವ ಕೈ ದೇವರಂಥದು, ಅದೇ ಕೈ ಸೋಪು ಹಚ್ಚಿ ತೊಳೆದುಕೊಂಡು ಬಂದು ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಮಾತ್ರ ಸೇವೆಯ ಗುಣಮಟ್ಟ ಕುಸಿಯುತ್ತದೆ. ಕಂಪನಿಯವರು ನಮ್ಮ ಭಾವನೆಗೆ ಬೆಲೆ ಕೊಟ್ಟು 24 ಗಂಟೆಯೊಳಗೆ ರೀಪ್ಲೇಸ್‌ಮೆಂಟ್ ಕಳಿಸಿದರು. ಮಿಕ್ಸಿಯ ಜಾರು ಬದಲಿಸುವುದಕ್ಕೂ ಇದೇ ಪದ.

ಹೊಸಬಳು ಅಚ್ಚುಕಟ್ಟು. ಮೊದಲ ವಾರವೇ ಅತ್ತೆಗೆ ಡೈಪರ್ ಬಂತು. ರಾತ್ರಿಗೆ ಮಾತ್ರ ಎಂದು ಬಂದದ್ದು ಹಗಲಿಗೂ ನಿಂತಿತು. ವಾಕರ್ ಬಾಲ್ಕನಿ ಸೇರಿತು. ಈಗ ಅದರ ಮೇಲೆ ಒಗೆದ ಟವೆಲ್ ಒಣಗುತ್ತದೆ. ಜಾರಿ ಬಿದ್ದ ಪ್ರಕರಣಗಳು: ಸೊನ್ನೆ. ಆ್ಯಪಿನಲ್ಲಿ ಅದಕ್ಕೊಂದು ಹಸಿರು ಪದಕ ಬಂದಿದೆ. ನಡೆಯದವರು ಬೀಳುವುದಿಲ್ಲ ಎಂಬ ಈ ಶೋಧಕ್ಕೆ ಪದಕವೇನು, ಪೇಟೆಂಟೇ ಸಿಗಬೇಕಿತ್ತು.

1963ರಲ್ಲಿ ಅಮೆರಿಕದ ಸಿಡ್ನಿ ಕಾಟ್ಜ್ ಎಂಬ ವೈದ್ಯರು, ಅವರ ಸಂಗಡಿಗರು ಕೂಡಿ ವಯಸ್ಸಾದವರು ತಮ್ಮ ಕೆಲಸ ತಾವೆಷ್ಟು ಮಾಡಿಕೊಳ್ಳಬಲ್ಲರು ಎಂದು ಅಳೆಯಲು ಆರೇ ಆರು ಸಂಗತಿ ಹಿಡಿದರು: ಸ್ನಾನ, ಬಟ್ಟೆ ತೊಡುವುದು, ಕಕ್ಕಸಿಗೆ ಹೋಗುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹತೋಟಿ, ಊಟ. ಒಂದೊಂದಕ್ಕೆ ಒಂದು ಅಂಕ. ಲೋಕದ ಆಸ್ಪತ್ರೆಗಳು ಇವತ್ತಿಗೂ ಇದನ್ನು ಬಳಸುತ್ತವೆ. ಕಾಗದ, ಪೆನ್ನು ಸಾಕು, ಸೆಲ್ಲೂ ಬೇಡ. ನಾನೇ ಅತ್ತೆಯ ಲೆಕ್ಕ ಹಾಕಿದೆ. ಸಿಂಧನೂರಿನಾಕೆ ಹೋದ ದಿನ ಆರಕ್ಕೆ ನಾಲ್ಕು. ಈಗ ಆರಕ್ಕೆ ಒಂದು. ಊಟ ಮಾತ್ರ ಇನ್ನೂ ಅವರ ಕೈಯಲ್ಲೇ ಇದೆ. ಅದೂ ತಿಳಿಸಾರು ಬಿಸಿಯಾಗಿದ್ದರೆ. ಇದೇ ಅವಧಿಯಲ್ಲಿ ಕಂಪನಿಯ ರೇಟಿಂಗ್ 4.1ರಿಂದ 4.9ಕ್ಕೆ ಏರಿದೆ.

ಗುಣಮಟ್ಟ ಅಳೆಯುವುದು ಹೇಗೆಂದು 1966ರಲ್ಲೇ ಅವೆಡಿಸ್ ಡೊನಬೇಡಿಯನ್ ಎಂಬ ಪಂಡಿತರು ಬರೆದಿಟ್ಟಿದ್ದಾರೆ. ಏನೇನಿದೆ ನೋಡಿ, ಏನು ಮಾಡುತ್ತಾರೆ ನೋಡಿ, ಕೊನೆಗೆ ರೋಗಿಗೆ ಏನಾಯಿತು ನೋಡಿ. ನಮ್ಮವರು ಮೊದಲನೆಯದನ್ನು ನೋಡಿ, ಎರಡನೆಯದನ್ನು ಬರೆಸಿಕೊಂಡು, ಮೂರನೆಯದಕ್ಕೆ ಬರುವಷ್ಟರಲ್ಲಿ ಟ್ರಾಫಿಕ್ ಆಗುತ್ತದೆಂದು ಎದ್ದುಬಿಡುತ್ತಾರೆ.

ಸರ್ಕಾರ ಏನು ಮಾಡುತ್ತಿದೆ ಎಂದು ಕೇಳಬೇಡಿ. ಮಾಡಲು ಹೊರಟಿತ್ತು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಗೆ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡಿಸಿದರು. ಮನೆಗೆ ಬಂದು ಆರೈಕೆ ಮಾಡುವ ಸಂಸ್ಥೆಗಳೂ ನೋಂದಾಯಿಸಿಕೊಳ್ಳಬೇಕು, ಬರುವವರಿಗೆ ತರಬೇತಿ ಇರಬೇಕು, ಪೂರ್ವಾಪರ ವಿಚಾರಿಸಿರಬೇಕು, ಕನಿಷ್ಠ ಗುಣಮಟ್ಟ ಎಂಬುದೊಂದಿರಬೇಕು ಎಂದೆಲ್ಲ ಅದರಲ್ಲಿತ್ತು. ಮಸೂದೆಯನ್ನು ಸ್ಥಾಯಿ ಸಮಿತಿಯ ಆರೈಕೆಗೆ ಒಪ್ಪಿಸಿದರು. 2024ರಲ್ಲಿ ಆ ಲೋಕಸಭೆಯೇ ವಿಸರ್ಜನೆಯಾಗಿ ಮಸೂದೆ ತೀರಿಕೊಂಡಿತು. ನಾಲ್ಕೂವರೆ ವರ್ಷ ಮಲಗಿದಲ್ಲೇ ಇತ್ತು. ಯಾರೂ ಮಗ್ಗುಲು ಬದಲಿಸಲಿಲ್ಲ.

ಉಳಿದ 2007ರ ಕಾಯ್ದೆಯಾದರೂ ಕೈಹಿಡಿಯುತ್ತದೆ ಎನ್ನಿ. ಅದರ ಪ್ರಕಾರ ನ್ಯಾಯಮಂಡಳಿ ಮಕ್ಕಳಿಂದ ಕೊಡಿಸಬಹುದಾದ ಪೋಷಣೆಯ ಮಿತಿ ತಿಂಗಳಿಗೆ 10,000 ರೂಪಾಯಿ. ಅತ್ತೆಯ ಕಂಪನಿ ತಿಂಗಳಿಗೆ ತೆಗೆದುಕೊಳ್ಳುವುದು 30,000. ಅಂದರೆ ಒಂದನೇ ತಾರೀಖಿನಿಂದ ಹತ್ತರವರೆಗೆ ಆರೈಕೆ. ಹನ್ನೊಂದರಿಂದ ತಂದೆತಾಯಿಗಳು ಕಾನೂನಿಗೆ ಗೌರವ ಕೊಟ್ಟು ತಾವೇ ಎದ್ದು ಓಡಾಡಬೇಕು.

ಆ ಮೂವತ್ತು ಸಾವಿರದಲ್ಲಿ ಹುಡುಗಿಯ ಕೈಗೆ ಬರುವುದು ಹದಿನೇಳು. ಮಿಕ್ಕದ್ದು ಗುಣಮಟ್ಟಕ್ಕೆ. ನರ್ಸ್ ಎನ್ನಿಸಿಕೊಳ್ಳಲು ಮೂರು ವರ್ಷ ಜಿಎನ್ಎಂ, ಇಲ್ಲವೇ ನಾಲ್ಕು ವರ್ಷ ಬಿಎಸ್ಸಿ ಓದಿ ಕೌನ್ಸಿಲಿನಲ್ಲಿ ಹೆಸರು ಬರೆಸಬೇಕು. ಹೋಮ್ ನರ್ಸ್ ಎನ್ನಿಸಿಕೊಳ್ಳಲು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದರೆ ಸಾಕು, ಬ್ಯೂರೋದವರೇ ಟೀ ಶರ್ಟ್ ತೊಡಿಸಿ ನರ್ಸ್ ಮಾಡಿಬಿಡುತ್ತಾರೆ. ಡ್ಯೂಟಿ 24 ಗಂಟೆ. ಇಂಗ್ಲೆಂಡಿನಲ್ಲಿ ಹದಿನೈದು ನಿಮಿಷ ಬಂದುಹೋಗುವ ಆರೈಕೆಯ ಬಗ್ಗೆ ವರ್ಷಗಟ್ಟಲೆ ಗಲಾಟೆಯಾಗಿ, ಅರ್ಧ ಗಂಟೆಗಿಂತ ಕಡಿಮೆಯ ಭೇಟಿ ಕೆಲವು ಸಂದರ್ಭಗಳಿಗೆ ಬಿಟ್ಟರೆ ಬೇಡ ಎಂದು 2015ರಲ್ಲಿ ಅಲ್ಲಿನ ಮಾರ್ಗಸೂಚಿ ಹೇಳಿತು. ಪಾಪ, ನಿಮಿಷ ಎಣಿಸುವ ಬಡವರು. ನಮ್ಮಲ್ಲಿ ಇಡೀ ದಿನವೇ ಸಿಗುತ್ತದೆ. ಆ ಹುಡುಗಿ ನಿದ್ದೆ ಮಾಡುವುದು ಯಾವಾಗ ಎಂದು ಕೇಳುವ ಅಂಕಣ ಮಾತ್ರ ಫಾರಂನಲ್ಲಿಲ್ಲ. ಅತ್ತೆಯ ಹಾಸಿಗೆಯ ಪಕ್ಕ ನೆಲದ ಮೇಲೆ ಅವಳ ಚಾಪೆ ಇದೆ. ಅದನ್ನು ಬೆಳಿಗ್ಗೆ ಆರಕ್ಕೆ ಸುತ್ತಿಡದಿದ್ದರೆ ಅರ್ಧ ಪಾಯಿಂಟ್ ಹೋಗುತ್ತದೆ.

ಕಳೆದ ಶನಿವಾರ ಕಂಪನಿಯಿಂದ ಕ್ವಾಲಿಟಿ ಆಡಿಟ್ಟಿಗೆ ಒಬ್ಬ ಬಂದಿದ್ದ. ಟೈ ಕಟ್ಟಿದ್ದ, ಕೈಯಲ್ಲಿ ಟ್ಯಾಬ್. 42 ಪ್ರಶ್ನೆ. ಐಡಿ ಕಾರ್ಡ್ ಕೊರಳಲ್ಲಿದೆಯೇ, ಉಗುರು ಕತ್ತರಿಸಿದೆಯೇ, ಸ್ಯಾನಿಟೈಸರ್ ಬಾಟಲಿ ಬಾಗಿಲ ಬಲಕ್ಕಿದೆಯೇ. ಎಡಕ್ಕಿತ್ತು, ಬಲಕ್ಕಿಟ್ಟು ಫೋಟೋ ತೆಗೆದ. ಗಡಿಯಾರ ನೋಡಿ, ಸರಿ ಇದೆ ಎಂದ. ರಿಜಿಸ್ಟರ್ ತಿರುವಿ ತಲೆದೂಗಿದ. "ಪೇಷಂಟ್ ಕೋಆಪರೇಟ್ ಮಾಡ್ತಾರಾ?" ಎಂದು ನನ್ನನ್ನು ಕೇಳಿದ. ಪೇಷಂಟ್ ಎರಡಡಿ ದೂರದಲ್ಲಿ ಕೂತು ಅವನ ಟೈಯನ್ನೇ ನೋಡುತ್ತಿದ್ದರು. ಅವರ ಕಿವಿಯ ಮಿಷನ್ನಿನ ಸೆಲ್ ಮುಗಿದು ಎಂಟು ದಿನವಾಗಿತ್ತು ಎಂದು ಆಮೇಲೆ ತಿಳಿಯಿತು. 42ರಲ್ಲಿ ಕಿವಿ ಬಂದಿರಲಿಲ್ಲ. ಮೂರು ತಿಂಗಳಲ್ಲಿ ನಾಲ್ಕು ಸಲ ಬಂದುಹೋದ ನನಗೂ ಹೊಳೆದಿರಲಿಲ್ಲ. ಅತ್ತೆಗೆ ಮರೆವು ಶುರುವಾಗಿದೆ ಎಂದು ನಾನೇ ಗುಂಪಿನಲ್ಲಿ ಬರೆದಿದ್ದೆ.

"ಅವರನ್ನೇ ಒಂದು ಮಾತು ಕೇಳಿ" ಎಂದೆ. ಅವನಿಗೆ ಗಾಬರಿ. ಫಾರಂನಲ್ಲಿ ಅಂಥದ್ದೇನೂ ಇರಲಿಲ್ಲ. ಮುಜುಗರದಿಂದಲೇ ಅವರ ಕಿವಿಯ ಹತ್ತಿರ ಬಗ್ಗಿ, ಬಸ್ ಸ್ಟ್ಯಾಂಡಿನಲ್ಲಿ ಕೂಗುವ ಹಾಗೆ ಕೇಳಿದ:

"ಅಮ್ಮಾ! ನಮ್ಮ ಸೇವೆಗೆ ಐದರಲ್ಲಿ ಎಷ್ಟು ಕೊಡ್ತೀರಾ?"

ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು.

"ನನ್ ಮಗ ಎಷ್ಟು ಕೊಟ್ಟಿದಾನಪ್ಪಾ?"

"ಐದಕ್ಕೆ ಐದು, ಅಮ್ಮಾ!"

"ಹೌದಾ? ಹಾಗಾದ್ರೆ ಸೇವೆ ಅವನಿಗೇ ಮುಟ್ತಾ ಇರ್ಬೇಕು ಬಿಡು."

ಅವನು ಟ್ಯಾಬಿನಲ್ಲಿ ಬಹಳ ಹೊತ್ತು ಹುಡುಕಿ, 'ಅನ್ವಯಿಸುವುದಿಲ್ಲ' ಎಂಬುದನ್ನು ಒತ್ತಿದ.